ನಿಮಗಿದು ಗೊತ್ತೆ? ಹ್ಯಾಮ್ ರೇಡಿಯೊದಲ್ಲಿ ಗುಟ್ಟಿಗೆ ಜಾಗವಿಲ್ಲ!

* ಹ್ಯಾಮ್‌ಗಳು (ಹವ್ಯಾಸಿ ರೇಡಿಯೊ ಬಳಕೆದಾರರು) ಮೋರ್ಸ್ ಸಂಕೇತದಲ್ಲಿ ಎಷ್ಟು ಬೇಕಾದರೂ ಮಾತನಾಡಬಹುದು. ಆದರೆ ಅರ್ಥ ಮುಚ್ಚಿಡಲೆಂದು ಗೂಢಲಿಪಿಯಲ್ಲಿ ಬರೆದ ಸಂದೇಶವನ್ನು ಬೇರೆ ದೇಶದ ಹ್ಯಾಮ್‌ಗೆ ಕಳಿಸುವಂತಿಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ರೇಡಿಯೊ ನಿಯಮಾವಳಿಯ 25ನೇ ವಿಧಿ ಇದನ್ನು ನಿಷೇಧಿಸಿದೆ.

* ಮೋರ್ಸ್ ಕೂಡ ಸಂಕೇತವೇ ಅಲ್ಲವೇ? ಹೌದು. ಆದರೆ ಅದರ ಚುಕ್ಕೆ–ಗೆರೆಗಳ ಪಟ್ಟಿ ಎಲ್ಲರಿಗೂ ತೆರೆದಿದೆ. ಕಲಿತ ಯಾರು ಬೇಕಾದರೂ ಕೇಳಿ ತಿಳಿಯಬಹುದು. ಆದ್ದರಿಂದ ಅದು ಗೂಢಲಿಪಿಯಲ್ಲ.

* ಸ್ಥಳ ತಿಳಿಸುವ ‘ಕ್ಯೂಟಿಎಚ್’, ಶುಭಾಶಯ ಹೇಳುವ ‘73’ ಮುಂತಾದ ಸಂಕ್ಷೇಪಗಳಿಗೂ ಅಡ್ಡಿಯಿಲ್ಲ. ಅವು ಸಮಯ ಉಳಿಸುತ್ತವೆಯೇ ಹೊರತು ಅರ್ಥವನ್ನು ಬಚ್ಚಿಡುವುದಿಲ್ಲ.

* ಈ ನಿಯಮಕ್ಕೆ ಒಂದು ವಿನಾಯಿತಿ ಇದೆ: ಹವ್ಯಾಸಿ ಉಪಗ್ರಹಗಳಿಗೆ ಭೂಕೇಂದ್ರದಿಂದ ಹೋಗುವ ನಿಯಂತ್ರಣ ಆಜ್ಞೆಗಳು ಗುಪ್ತವಾಗಿರಬಹುದು. ಇಲ್ಲವಾದರೆ ಯಾರೋ ಅಪರಿಚಿತರು ಉಪಗ್ರಹವನ್ನೇ ಆರಿಸಿಬಿಡಬಹುದು.

* ಗುರುತು ಮರೆಮಾಚುವಂತೆಯೂ ಇಲ್ಲ. ಮಾತಿನ ನಡುವೆ ಆಗಾಗ ತಮ್ಮ ಗುರುತಾದ ಕರೆಸಂಕೇತ ಹೇಳಲೇಬೇಕು. ಅಮೆರಿಕದಲ್ಲಿ ಕನಿಷ್ಠ 10 ನಿಮಿಷಕ್ಕೊಮ್ಮೆ ಮತ್ತು ಸಂಭಾಷಣೆಯ ಕೊನೆಗೆ ಹೇಳಬೇಕೆಂಬ ನಿಯಮವಿದೆ. ಭಾರತದ ಬಹಳಷ್ಟು ಹ್ಯಾಮ್‌ಗಳ ಸಂಕೇತ ‘ವಿಯು2’ ಅಥವಾ ‘ವಿಯು3’ ಎಂದು ಆರಂಭವಾಗುತ್ತದೆ.

* ಈ ಕಟ್ಟುನಿಟ್ಟು ಏಕೆ? ಹ್ಯಾಮ್ ತರಂಗಾಂತರಗಳು ಕಲಿಕೆ, ಪ್ರಯೋಗ ಮತ್ತು ಸ್ನೇಹಕ್ಕೆ ಮೀಸಲು. ಎಲ್ಲರಿಗೂ ಕೇಳಿಸುವಂತಿದ್ದರೆ ವ್ಯಾಪಾರಕ್ಕೋ ಬೇಹುಗಾರಿಕೆಗೋ ಅವು ಬಳಕೆಯಾಗದಂತೆ ಹ್ಯಾಮ್‌ಗಳೇ ಪರಸ್ಪರ ಕಾವಲಿರಬಹುದು. ಹವ್ಯಾಸವನ್ನು ಉಳಿಸಿರುವುದು ಈ ಮುಕ್ತತೆಯೇ.