ಮಟ್ಟುವಿನ ಗುಳ್ಳವೂ ಹಿತ್ತಲಿನ ಬೀಜವೂ

ಉಡುಪಿಗೆ ದಕ್ಷಿಣದಲ್ಲಿ, ಕಟಪಾಡಿಯ ಬಳಿ, ಸಮುದ್ರಕ್ಕೂ ಹೊಳೆಗೂ ನಡುವೆ ಮಟ್ಟು ಎಂಬ ಸಣ್ಣ ಗ್ರಾಮವಿದೆ. ಅಲ್ಲಿಯ ಬದನೆಗೆ ಗುಳ್ಳವೆಂದು ಹೆಸರು. ಉರುಟಾಗಿ, ಎಳೆಹಸುರಾಗಿ, ಮೈಮೇಲೆ ಬಿಳಿಯ ಗೆರೆಗಳನ್ನು ತಳೆದು, ತೊಟ್ಟಿನಲ್ಲಿ ಮುಳ್ಳುಗಳನ್ನಿರಿಸಿಕೊಂಡ ಈ ಕಾಯಿಯ ಗುರುತು ಒಮ್ಮೆ ಕಂಡವರಿಗೆ ತಪ್ಪುವುದಿಲ್ಲ. ಇದರ ಬೀಜವನ್ನು ಸೋದೆಯ ಶ್ರೀ ವಾದಿರಾಜಸ್ವಾಮಿಗಳು ಗ್ರಾಮಸ್ಥರಿಗೆ ಅನುಗ್ರಹಿಸಿದರೆಂಬುದು ಐತಿಹ್ಯ; ಮೊದಲ ಫಸಲನ್ನು ಉಡುಪಿಯ ಶ್ರೀಕೃಷ್ಣನಿಗೆ ಒಪ್ಪಿಸುವ ಪದ್ಧತಿಯೂ ಉಂಟು. ಐತಿಹ್ಯದ ತೂಕವನ್ನು ವಾಚಕರು ತಮ್ಮ ತಮ್ಮ ಶ್ರದ್ಧೆಗನುಸಾರವಾಗಿ ಅಳೆದುಕೊಳ್ಳಲಿ. ಬೀಜವು ತಲೆಮಾರುಗಳಿಂದ ಒಕ್ಕಲುಮನೆಗಳಲ್ಲಿಯೇ ಉಳಿದು ಬಂದಿತೆಂಬುದರಲ್ಲಿ ಮಾತ್ರ ಸಂದೇಹವಿಲ್ಲ.

2011ರಲ್ಲಿ ಮಟ್ಟು ಗುಳ್ಳಕ್ಕೆ ಭೌಗೋಳಿಕ ಸೂಚಕದ ಮನ್ನಣೆಯು ದೊರೆಯಿತು. ಸಂತೋಷವೇ. ಆದರೆ 1999ರ ಆ ಕಾನೂನು ಕಾಯುವುದು ಹೆಸರನ್ನು, ಬೀಜವನ್ನಲ್ಲ. ಅನ್ಯ ಊರಿನ ಕಾಯಿಯನ್ನು ಮಟ್ಟುವಿನದೆಂದು ಮಾರುವವನನ್ನು ಅದು ತಡೆಯಬಲ್ಲುದು. ಬಿತ್ತುವವರಿಲ್ಲದೆ ತಳಿಯೇ ಅಳಿದುಹೋದರೆ ಅದರಿಂದ ಆಗುವುದೇನೂ ಇಲ್ಲ. ನೊಂದಾವಣೆಯ ಪುಸ್ತಕದಲ್ಲಿ ಹೆಸರುಳಿದು ನೆಲದಲ್ಲಿ ಗಿಡವಿಲ್ಲದಿದ್ದರೆ, ಜನರಾಡುವ ಮಾತು ಅಕ್ಷರಶಃ ನಿಜವಾಗಿ, ಗುಳ್ಳವು ಪುಸ್ತಕದ ಬದನೆಕಾಯಿಯೇ ಆದೀತು.

ಇದು ಬರಿಯ ಶಂಕೆಯಲ್ಲ. ಕಾಯಿಕೊರಕ ಹುಳುವನ್ನು ತಡೆಯುವ ಅನ್ಯಜೀವಿಯ ವಂಶವಾಹಿಯನ್ನು ಬದನೆಗೆ ಸೇರಿಸುವ ಪ್ರಯೋಗವು ನಡೆದಾಗ, ಉಡುಪಿಯ ತಳಿಯೂ ಸೇರಿ ಕರ್ಣಾಟಕದ ಹಲವು ನಾಟಿ ಬದನೆಗಳು ಅದಕ್ಕೆ ಒಳಪಟ್ಟವು. 2010ರ ಫೆಬ್ರವರಿ 9ರಂದು ಕೇಂದ್ರ ಸರಕಾರವು ಅಂಥ ಬದನೆಯ ವಾಣಿಜ್ಯ ಬೇಸಾಯಕ್ಕೆ ತಡೆಯೊಡ್ಡಿತು. ತಡೆಯು ಸರಿಯೋ ತಪ್ಪೋ ಎಂಬ ವಾದವನ್ನು ಇಲ್ಲಿ ಬೆಳೆಸುವುದಿಲ್ಲ. ಆದರೆ ಬೀಜವು ವರ್ಷವರ್ಷವೂ ಅಂಗಡಿಯಿಂದ ಬರಬೇಕೋ, ಮನೆಯ ಕಾಯಿಯಿಂದಲೇ ಬರಬೇಕೋ ಎಂದು ಅಂದು ಎದ್ದ ಪ್ರಶ್ನೆಯು ಇನ್ನೂ ಕುಳಿತಿಲ್ಲ. ಪೇಟೆಯ ಸಂಕರ ತಳಿಯ ಬೀಜವನ್ನು ಎತ್ತಿಟ್ಟು ಬಿತ್ತಿದರೆ ತಾಯಿಯಂಥ ಗಿಡವು ಬರುವ ಭರವಸೆಯಿಲ್ಲ. ಬೆರಕೆಯಾಗದಂತೆ ಕಾದ ನಾಟಿ ತಳಿಯಲ್ಲಿ ಉಂಟು. ಗೃಹಸ್ಥನ ಸ್ವಾತಂತ್ರ್ಯವು ಇಷ್ಟು ಸಣ್ಣ ಸಂಗತಿಯಲ್ಲಿಯೂ ಅಡಗಿರುವುದು.

ಬೆಳೆಸುವುದು ಕಷ್ಟವಲ್ಲ. ಕರಾವಳಿಯಲ್ಲಿ ಮಳೆಯ ಬಲ ತಗ್ಗಿದ ಮೇಲೆ ಪಾತಿಯಲ್ಲಿ ಬೀಜ ಬಿತ್ತಿ, ನಾಲ್ಕೈದು ವಾರಗಳ ಸಸಿಗಳನ್ನು ಎರಡು ಮೂರು ಅಡಿ ಅಂತರದಲ್ಲಿ ನೆಡಬೇಕು. ಬಿಸಿಲು ಬೇಕು, ಗೊಬ್ಬರ ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ಮೆಣಸು, ಟೊಮೇಟೊ, ಬದನೆ ಬೆಳೆದ ಜಾಗದಲ್ಲಿಯೇ ಮರಳಿ ನೆಟ್ಟರೆ ಸೊರಗುರೋಗದ ಭಯವುಂಟು. ಕುಡಿಯು ಬಾಡಿ ತಲೆ ತಗ್ಗಿಸಿತೆಂದರೆ ಒಳಗೆ ಹುಳು ಸೇರಿತೆಂದೇ ತಿಳಿದು, ಅಂದೇ ಅದನ್ನು ಕತ್ತರಿಸಿ ಸುಡತಕ್ಕದ್ದು. ಹತ್ತು ಗಿಡಗಳ ಹಿತ್ತಲಿನಲ್ಲಿ ಮನೆಯವರ ಕಣ್ಣಿಗಿಂತ ಮಿಗಿಲಾದ ಔಷಧವಿಲ್ಲ. ಮೈಸೂರಿನವರು ಗುಳ್ಳವನ್ನೇ ಅರಸಬೇಕಾಗಿಲ್ಲ. ಅವರ ಈರನಗೆರೆಯ ಬದನೆಗೂ ಇಂಥದೇ ಆರೈಕೆ ಸಲ್ಲಬೇಕು.

ಉಣ್ಣುವ ಆಸೆಯಿಲ್ಲದಿದ್ದರೆ ಈ ಶ್ರಮ ಯಾರಿಗೆ ಬೇಕು? ಗುಳ್ಳದ ನಿಜವಾದ ರುಚಿಯನ್ನು ಅರಿಯಬೇಕಾದವರು ಬೋಳುಹುಳಿಯನ್ನು ಮಾಡಿ ನೋಡಬೇಕು. ತೆಂಗಿನಕಾಯಿಯನ್ನು ಅರೆದು ಹಾಕದಿರುವುದರಿಂದ ಅದು ಬೋಳು. ದೊಡ್ಡ ಹೋಳುಗಳಾಗಿ ಹೆಚ್ಚಿ, ಕಪ್ಪಾಗದಂತೆ ಒಡನೆಯೇ ನೀರಿಗೆ ಹಾಕಿ, ಸೀಳಿದ ಹಸಿಮೆಣಸು ಉಪ್ಪುಗಳೊಡನೆ ಬೇಯಿಸಬೇಕು. ಹೋಳು ಮೆತ್ತಗಾದ ಮೇಲೆಯೇ ಹುಣಿಸೆಯ ರಸ ಮತ್ತು ಬೆಲ್ಲದ ಚೂರು. ಹುಳಿ ಮೊದಲೇ ಬಿದ್ದರೆ ಹೋಳು ಬೇಯಲು ತಡವಾಗುವುದು. ಸೌಟನ್ನು ಹೆಚ್ಚು ಆಡಿಸಿದರೆ ಕರಗಿಹೋಗುವುದು. ಕಡೆಗೆ ಸಾಸಿವೆ, ಒಣಮೆಣಸು, ಇಂಗು, ಕರಿಬೇವುಗಳ ಒಗ್ಗರಣೆ. ಇಂಗಿಗೆ ಬದಲಾಗಿ ಬೆಳ್ಳುಳ್ಳಿ ಬೇಕೆನ್ನುವವರೊಡನೆ ನಮಗೆ ಜಗಳವಿಲ್ಲ. ಕೆಂಡದಲ್ಲಿ ಸುಟ್ಟು ಸಿಪ್ಪೆ ಸುಲಿದು ಮೊಸರಿನಲ್ಲಿ ಕಲಸಿದ ಬಜ್ಜಿಯೂ ಕಡಿಮೆಯದಲ್ಲ.

ಇನ್ನು ಬೀಜ. ಬದನೆಯ ಹೂವು ಬಹುಪಾಲು ತನ್ನ ಪರಾಗದಿಂದಲೇ ಕಾಯಿ ಕಟ್ಟುವುದಾದರೂ ಜೇನು ದುಂಬಿಗಳು ನೆರೆಯ ಬದನೆಯ ಪರಾಗವನ್ನು ತರುವುದುಂಟು. ಆದುದರಿಂದ ಒಳ್ಳೆಯ ಗಿಡವನ್ನು ಆರಿಸಿ, ಮೊಗ್ಗು ಅರಳುವ ಮೊದಲೇ ತೆಳುಬಟ್ಟೆಯ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಬಿಚ್ಚಬೇಕು. ಆ ಕಾಯಿಯು ಗಿಡದಲ್ಲಿಯೇ ಹಳದಿಯಾಗಿ ಹಣ್ಣಾಗಲಿ. ತಿರುಳನ್ನು ನೀರಿನಲ್ಲಿ ಕಿವುಚಿದರೆ ಜೊಳ್ಳು ತೇಲಿ, ಗಟ್ಟಿ ಬೀಜ ತಳಕ್ಕಿಳಿಯುವುದು. ಅದನ್ನು ನೆರಳಿನಲ್ಲಿ ಒಣಗಿಸಿ, ಬೂದಿ ಬೆರೆಸಿ, ತೇವ ತಗಲದಂತೆ ಕಟ್ಟಿಡಬೇಕು. ಬೀಜದ ಕಾಯಿಯ ತೊಟ್ಟಿಗೆ ಮೊದಲೇ ಕೆಂಪು ದಾರವನ್ನು ಸುತ್ತಿ ಮನೆಯವರಿಗೆಲ್ಲ ಹೇಳಿಡುವುದೊಳ್ಳೆಯದು. ಇಲ್ಲವಾದರೆ ನೆಂಟರು ಬಂದ ದಿವಸ ಮೊದಲು ಹುಳಿಗೆ ಬೀಳುವುದು ಅದೇ.