ಬರ್ಮುಡಾ ತ್ರಿಕೋನ: ನುಂಗಿದ್ದು ಕಡಲೋ, ನಿರ್ಲಕ್ಷ್ಯವೋ?

1945ರ ಡಿಸೆಂಬರ್ 5. ಅಮೆರಿಕದ ಫ್ಲಾರಿಡಾ ರಾಜ್ಯದ ಫೋರ್ಟ್ ಲಾಡರ್‌ಡೇಲ್ ನೌಕಾ ವಾಯುನೆಲೆಯಿಂದ ಮಧ್ಯಾಹ್ನ ಐದು ಅವೆಂಜರ್ ಬಾಂಬರ್ ವಿಮಾನಗಳು ಮೇಲೇರಿದವು. ಅವುಗಳಲ್ಲಿದ್ದವರು 14 ಮಂದಿ. ಯುದ್ಧ ಮುಗಿದಿತ್ತು, ಇದು ಬರಿಯ ತರಬೇತಿ ಹಾರಾಟ. ಸಂಜೆಗೆ ಮರಳಬೇಕಿದ್ದ ವಿಮಾನಗಳು ಮರಳಲೇ ಇಲ್ಲ. ಅವನ್ನು ಹುಡುಕಲು 13 ಮಂದಿಯೊಂದಿಗೆ ಹೊರಟ ಮ್ಯಾರಿನರ್ ವಿಮಾನವೂ ಅದೇ ರಾತ್ರಿ ಕಾಣೆಯಾಯಿತು. ಒಂದೇ ದಿನ ಆರು ವಿಮಾನ, 27 ಜೀವ!

‘ಬರ್ಮುಡಾ ತ್ರಿಕೋನ’ದ ಕಥೆ ಹೇಳುವವರು ಸಾಮಾನ್ಯವಾಗಿ ಆರಂಭಿಸುವುದು ಇಲ್ಲಿಂದಲೇ. ಫ್ಲಾರಿಡಾದ ಮಿಯಾಮಿ, ಅಟ್ಲಾಂಟಿಕ್ ಸಾಗರದ ಬರ್ಮುಡಾ, ಪೋರ್ಟೊರಿಕೊದ ಸಾನ್ ಹ್ವಾನ್ ಈ ಮೂರನ್ನೂ ಗೆರೆ ಎಳೆದು ಕೂಡಿಸಿದರೆ ಸಿಗುವ ಕಡಲ ಭಾಗವಿದು. ಹೆಸರು ನಾವಿಕರು ಇಟ್ಟದ್ದಲ್ಲ. 1964ರಲ್ಲಿ ಅಮೆರಿಕದ ‘ಆರ್ಗಸಿ’ ಪತ್ರಿಕೆಯಲ್ಲಿ ವಿನ್ಸೆಂಟ್ ಗ್ಯಾಡಿಸ್ ಎಂಬ ಲೇಖಕ ಇಟ್ಟದ್ದು. 1974ರಲ್ಲಿ ಚಾರ್ಲ್ಸ್ ಬರ್ಲಿಟ್ಜ್ ಬರೆದ ಪುಸ್ತಕ ಲಕ್ಷಗಟ್ಟಲೆ ಪ್ರತಿ ಮಾರಾಟವಾಗಿ ಆ ಹೆಸರನ್ನು ಮನೆಮಾತಾಗಿಸಿತು.

ವಾದಗಳ ಸಾಲು

ಹಡಗು, ವಿಮಾನಗಳು ಇಲ್ಲಿ ಮಾಯವಾಗುವುದೇಕೆ? ಅನ್ಯಗ್ರಹದವರು ಹಾರುವ ತಟ್ಟೆಯಲ್ಲಿ ಬಂದು ಹೊತ್ತೊಯ್ಯುತ್ತಾರೆ ಎಂದವರುಂಟು. ಮುಳುಗಿಹೋದ ಅಟ್ಲಾಂಟಿಸ್ ನಾಗರಿಕತೆಯ ಯಂತ್ರಶಕ್ತಿ ಇನ್ನೂ ಕಡಲಡಿಯಲ್ಲಿ ಕೆಲಸ ಮಾಡುತ್ತಿದೆ ಎಂದವರೂ ಉಂಟು. ಪುರಾವೆ ಮಾತ್ರ ಯಾರೂ ಒದಗಿಸಿಲ್ಲ.

ವಿಜ್ಞಾನವನ್ನು ಆಧರಿಸಿದ ವಾದಗಳಲ್ಲಿ ಮುಖ್ಯವಾದದ್ದು ಮೀಥೇನ್ ಅನಿಲದ್ದು. ಕಡಲ ತಳದಲ್ಲಿ ಮಂಜುಗಡ್ಡೆಯಂತೆ ಹೆಪ್ಪುಗಟ್ಟಿದ ಮೀಥೇನ್ ನಿಕ್ಷೇಪಗಳಿವೆ. ಅವು ಒಮ್ಮೆಲೇ ಒಡೆದು ಅನಿಲದ ಗುಳ್ಳೆಗಳು ಮೇಲೆದ್ದರೆ ನೀರಿನ ಸಾಂದ್ರತೆ ಕುಸಿದು, ಹಡಗು ಕಲ್ಲಿನಂತೆ ಮುಳುಗುತ್ತದೆ ಎಂಬುದು ತರ್ಕ. ಪ್ರಯೋಗಾಲಯದ ತೊಟ್ಟಿಯಲ್ಲಿ ಪುಟ್ಟ ಮಾದರಿಗಳು ಹೀಗೆ ಮುಳುಗಿದ್ದೂ ನಿಜ. ಆದರೆ ಈ ಪ್ರದೇಶದಲ್ಲಿ ಕಳೆದ 15,000 ವರ್ಷಗಳಲ್ಲಿ ಅಂಥ ಭಾರಿ ಅನಿಲ ಬಿಡುಗಡೆ ಆಗಿಲ್ಲವೆಂದು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಹೇಳಿದೆ.

ದಿಕ್ಸೂಚಿಯೇ ಇಲ್ಲಿ ದಾರಿ ತಪ್ಪಿಸುತ್ತದೆ ಎಂಬುದು ಇನ್ನೊಂದು ವಾದ. ದಿಕ್ಸೂಚಿಯ ಮುಳ್ಳು ತೋರುವ ಉತ್ತರಕ್ಕೂ ಭೂಪಟದ ಉತ್ತರಕ್ಕೂ ಬಹುತೇಕ ಎಲ್ಲೆಡೆ ಅಷ್ಟಿಷ್ಟು ಅಂತರವಿರುತ್ತದೆ. ಆ ಲೆಕ್ಕ ಸರಿದೂಗಿಸುವುದು ನಾವಿಕರು ಕಲಿಯುವ ಮೊದಲ ಪಾಠಗಳಲ್ಲೊಂದು.

ಕಡತ ಬಿಚ್ಚಿದಾಗ

ಅರಿಜೋನಾ ರಾಜ್ಯ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿದ್ದ ಲಾರೆನ್ಸ್ ಕುಶೆ ಬೇರೆ ದಾರಿ ಹಿಡಿದರು. ಪ್ರತಿ ಘಟನೆಯ ಕಾಲದ ಪತ್ರಿಕೆ, ಹವಾಮಾನ ವರದಿ, ತನಿಖಾ ಕಡತಗಳನ್ನು ತರಿಸಿ ಓದಿದರು. 1975ರಲ್ಲಿ ಅವರ ಪುಸ್ತಕ ಹೊರಬಂತು. ‘ಕಡಲು ಶಾಂತವಾಗಿತ್ತು’ ಎಂದು ಬಣ್ಣಿಸಿದ್ದ ಎಷ್ಟೋ ದಿನಗಳಲ್ಲಿ ಬಿರುಗಾಳಿ ಎದ್ದಿತ್ತು! ತ್ರಿಕೋನದ ಲೆಕ್ಕಕ್ಕೆ ಸೇರಿಸಿದ್ದ ‘ಫ್ರೇಯಾ’ ಹಡಗಿನ 1902ರ ಅನಾಹುತ ನಡೆದದ್ದು ಮೆಕ್ಸಿಕೊದ ಪಶ್ಚಿಮಕ್ಕೆ, ಪೆಸಿಫಿಕ್ ಸಾಗರದಲ್ಲಿ.

ಐದು ಬಾಂಬರ್‌ಗಳ ಕಥೆಯೂ ರೇಡಿಯೊ ಸಂಭಾಷಣೆಯ ದಾಖಲೆಯಿಂದ ಬಹುಮಟ್ಟಿಗೆ ಬಿಡಿಸಿಕೊಳ್ಳುತ್ತದೆ. ದಿಕ್ಸೂಚಿಗಳು ಕೆಟ್ಟಿವೆ ಎಂದ ತಂಡದ ನಾಯಕ, ತಾನು ಫ್ಲಾರಿಡಾದ ದಕ್ಷಿಣ ತುದಿಯ ದ್ವೀಪಗಳ ಮೇಲಿದ್ದೇನೆಂದು ಭಾವಿಸಿದ್ದ. ಅವನಿದ್ದದ್ದು ಬಹುಶಃ ಬಹಾಮಾ ದ್ವೀಪಗಳ ಮೇಲೆ. ನೆಲ ಹುಡುಕಿ ಹಾರಿದಷ್ಟೂ ನೆಲ ದೂರವಾಯಿತು. ಕತ್ತಲು, ಒರಟು ಕಡಲು, ಮುಗಿಯುತ್ತಿದ್ದ ಇಂಧನ. ಮ್ಯಾರಿನರ್ ಹೊರಟ ಸ್ವಲ್ಪ ಹೊತ್ತಿಗೆ ಆ ದಾರಿಯಲ್ಲಿದ್ದ ಹಡಗೊಂದರ ಸಿಬ್ಬಂದಿ ಬೆಂಕಿಯ ಜ್ವಾಲೆಯನ್ನೂ ನೀರಿನ ಮೇಲೆ ಎಣ್ಣೆಯನ್ನೂ ಕಂಡಿದ್ದರು.

ಅವಶೇಷ ಸಿಗದಿರಲೂ ಕಾರಣವಿದೆ. ಇಲ್ಲಿ ಹರಿಯುವ ಗಲ್ಫ್ ಸ್ಟ್ರೀಮ್ ಎಂಬ ಸಾಗರ ಪ್ರವಾಹ ಕೆಲವೆಡೆ ಗಂಟೆಗೆ 8 ಕಿ.ಮೀ.ಗೂ ಹೆಚ್ಚು ವೇಗದ್ದು. ತೇಲುವುದನ್ನು ಅದು ಬಹುದೂರ ಒಯ್ಯುತ್ತದೆ. ಮುಳುಗಿದ್ದು ಸಾವಿರಾರು ಮೀಟರ್ ಆಳಕ್ಕಿಳಿಯುತ್ತದೆ. ಹಡಗುಗಳ ಸಂಚಾರ ಹೆಚ್ಚಿರುವ ಬೇರೆ ಕಡಲುಗಳಿಗಿಂತ ಇಲ್ಲಿ ಕಣ್ಮರೆ ಹೆಚ್ಚೆನ್ನಲು ಆಧಾರವಿಲ್ಲ ಎಂಬುದು ಅಮೆರಿಕದ ಸಾಗರ ಮತ್ತು ವಾತಾವರಣ ಸಂಸ್ಥೆಯ ನಿಲುವು.

ಮರೆಯಾದ ಪ್ರಶ್ನೆಗಳು

‘ನಿಗೂಢ’ ಎಂಬ ಮಾತು ಕೇಳಬೇಕಾದ ಪ್ರಶ್ನೆಗಳನ್ನೇ ಮುಚ್ಚಿಹಾಕುತ್ತದೆ. 1918ರ ಮಾರ್ಚ್‌ನಲ್ಲಿ 306 ಮಂದಿಯೊಂದಿಗೆ ಕಾಣೆಯಾದ ‘ಸೈಕ್ಲಾಪ್ಸ್’ ಹಡಗಿನಲ್ಲಿ 10,000 ಟನ್ನಿಗೂ ಹೆಚ್ಚು ಮ್ಯಾಂಗನೀಸ್ ಅದಿರಿತ್ತು. ಎರಡು ಎಂಜಿನ್‌ಗಳಲ್ಲಿ ಒಂದು ಕೆಟ್ಟಿತ್ತು. 1963ರಲ್ಲಿ 39 ಮಂದಿಯೊಂದಿಗೆ ಹೋದ ‘ಮರೀನ್ ಸಲ್ಫರ್ ಕ್ವೀನ್’ ಯುದ್ಧಕಾಲದ ಹಳೆಯ ಎಣ್ಣೆ ಹಡಗು. ಕರಗಿದ ಗಂಧಕ ಸಾಗಿಸಲೆಂದು ಅದರ ಒಡಲನ್ನೇ ಬದಲಿಸಲಾಗಿತ್ತು.

1925ರಲ್ಲಿ ಕಲ್ಲಿದ್ದಲು ಹೊತ್ತು ಹವಾನಾಕ್ಕೆ ಹೊರಟ ‘ಕೊಟೊಪಾಕ್ಸಿ’ ಹಡಗಿನ 32 ಮಂದಿಯೂ ಮರಳಲಿಲ್ಲ. ನೀರು ತಡೆಯಬೇಕಾದ ಅದರ ಮುಚ್ಚಳಗಳು ಹಾಳಾಗಿದ್ದವೆಂದು ಮೃತರ ಕುಟುಂಬದವರು ನ್ಯಾಯಾಲಯದ ಮೆಟ್ಟಿಲೇರಿದ್ದರು. ಆ ದೂರು ಜನರ ನೆನಪಿನಿಂದ ಅಳಿಯಿತು. ಹಾಲಿವುಡ್ ಚಿತ್ರವೊಂದರ 1980ರ ವಿಶೇಷ ಆವೃತ್ತಿ ಅದೇ ಹಡಗನ್ನು ಮರುಭೂಮಿಯಲ್ಲಿ ತಂದಿಳಿಸಿ ಅನ್ಯಗ್ರಹದವರ ಕಥೆಗೆ ಜೋಡಿಸಿತು! 2020ರಲ್ಲಿ ಅದರ ಅವಶೇಷ ಗುರುತಿಸಿದ್ದು ಫ್ಲಾರಿಡಾ ಕರಾವಳಿಯಾಚೆ. ಹಡಗು ನೀರು ತುಂಬಿ ವಾಲುತ್ತಿದೆ ಎಂದು ಅಪಾಯದ ಸಂದೇಶ ಕಳಿಸಿದ್ದಕ್ಕೂ ದಾಖಲೆ ಸಿಕ್ಕಿತು.

2015ರ ಅಕ್ಟೋಬರ್ 1ರಂದು ಇದೇ ಕಡಲಲ್ಲಿ ‘ಎಲ್ ಫಾರೊ’ ಹಡಗು ಚಂಡಮಾರುತಕ್ಕೆ ಸಿಕ್ಕಿ 33 ಮಂದಿ ಸತ್ತರು. ಸುಮಾರು 4,600 ಮೀಟರ್ ಆಳದಿಂದ ಧ್ವನಿಮುದ್ರಣ ಯಂತ್ರವನ್ನು ಮೇಲೆತ್ತಲಾಯಿತು. ಅದರಲ್ಲಿ ಸಿಕ್ಕ 26 ಗಂಟೆಗಳ ಮಾತುಕತೆ ಕೇಳಿದ ತನಿಖೆದಾರರು ಕ್ಯಾಪ್ಟನ್‌ನ ನಿರ್ಧಾರಗಳನ್ನೂ ಮಾಲೀಕ ಕಂಪೆನಿಯ ಸುರಕ್ಷತಾ ಲೋಪಗಳನ್ನೂ ಬೊಟ್ಟುಮಾಡಿ ತೋರಿಸಿದರು. ಆ ಯಂತ್ರ ಸಿಗದಿದ್ದರೆ ತ್ರಿಕೋನದ ಪಟ್ಟಿಗೆ ಇನ್ನೊಂದು ಹೆಸರು ಸೇರುತ್ತಿತ್ತೇನೋ.

ಕಡಲಿಗೆ ಹೋದವರಿಗಾಗಿ ಕಾಯುವ ಸಂಕಟ ಕನ್ನಡ ಕರಾವಳಿಗೂ ಗೊತ್ತು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಏಳು ಮೀನುಗಾರರೊಂದಿಗೆ ಹೊರಟ ‘ಸುವರ್ಣ ತ್ರಿಭುಜ’ ದೋಣಿ ಸಂಪರ್ಕ ಕಡಿದುಕೊಂಡಿತು. ಊಹಾಪೋಹಗಳ ನಡುವೆ ಮನೆಯವರು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಕಾದರು. 2019ರ ಮೇನಲ್ಲಿ ನೌಕಾಪಡೆ ಮಹಾರಾಷ್ಟ್ರದ ಮಾಲ್ವಣ ತೀರದಾಚೆ ಅದರ ಅವಶೇಷ ಪತ್ತೆಮಾಡಿತು. ಏಳು ಮಂದಿ ಮರಳಲಿಲ್ಲ. ಇಂಥ ಮನೆಗಳಿಗೆ ಬೇಕಾದದ್ದು ರೋಚಕ ಕಥೆಯಲ್ಲ. ದೋಣಿ ಎಲ್ಲಿದೆ, ಏನಾಯಿತು, ಹೊಣೆ ಯಾರದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ.