ಕೋಳಿಗಳ ನೆತ್ತರು ಹೆಪ್ಪುಗಟ್ಟುವ ಬಗೆಯೂ ಹಸುರು ಮೇವಿನ ಅಗತ್ಯವೂ

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಬೇಸಾಯದೊಡನೆ ಕೋಳಿಗಳನ್ನೂ ಸಾಕುವ ಕುಟುಂಬಗಳುಂಟು. ಹಿತ್ತಲಲ್ಲಿ ತಿರುಗಾಡಿ ಹಸುರನ್ನು ಕುಕ್ಕಿ ತಿನ್ನುವ ಕೋಳಿಗೆ ಸಣ್ಣ ಗಾಯವಾದರೆ ನೆತ್ತರು ಬೇಗನೆ ನಿಲ್ಲುವುದು. ಗೂಡಿನಲ್ಲಿಯೇ ಇದ್ದು ಬರಿಯ ಕಾಳನ್ನು ತಿಂದು ಬೆಳೆದ ಮರಿಗೆ ಅಂತಹ ಗಾಯವೇ ಪ್ರಾಣಾಂತಿಕವಾಗಬಹುದು. ಇದರ ಕಾರಣವನ್ನು ಗ್ರಾಮದ ಮುಖಂಡರೂ ಭೂಮಾಲೀಕರೂ ಅರಿತಿರುವುದು ಲೇಸು.

ಹರಿದ ಮಾಂಸದಲ್ಲಿರುವ ಒಂದು ದ್ರವ್ಯವು ರಕ್ತಕ್ಕೆ ಸೋಂಕಿದೊಡನೆ, ರಕ್ತದೊಳಗಿನ ಪ್ರೋಥ್ರಾಂಬಿನ್ ಎಂಬುದು ಹಂತಹಂತವಾಗಿ ಥ್ರಾಂಬಿನ್ ಆಗಿ ಮಾರ್ಪಡುವುದು. ಥ್ರಾಂಬಿನ್ನಿನಿಂದ ಫೈಬ್ರಿನ್ ಎಂಬ ನೂಲುಗಳುಂಟಾಗಿ, ಆ ಬಲೆಯಲ್ಲಿ ರಕ್ತಕಣಗಳು ಸಿಕ್ಕಿ ನೆತ್ತರು ಗಟ್ಟಿಯಾಗುವುದು. ಮನುಷ್ಯರಲ್ಲಿರುವ ಹನ್ನೆರಡನೆಯ ಹೆಪ್ಪುಕಾರಕ ಅಂಶವು ಹಕ್ಕಿಗಳಲ್ಲಿಲ್ಲ. ಆದಕಾರಣ ಅವುಗಳಿಗೆ ಗಾಯದ ಮಾಂಸದಿಂದ ದೊರೆಯುವ ಈ ಪ್ರಚೋದನೆಯೇ ಮುಖ್ಯವಾದ ಆಧಾರವಾಗಿದೆ.

ಪ್ರೋಥ್ರಾಂಬಿನ್ ಯಕೃತ್ತಿನಲ್ಲಿ ತಯಾರಾಗುವುದು. ಅದು ಕೆಲಸಕ್ಕೆ ಬರುವಂತಾಗಲು 'ಕೆ' ಜೀವಸತ್ವವು ಬೇಕು. ಕೋಪನ್‌ಹೇಗನ್ ನಗರದ ಹೆನ್ರಿಕ್ ಡಾಮ್ ಎಂಬ ವಿಜ್ಞಾನಿಯು 1929ರಲ್ಲಿ ಕೊಬ್ಬು ತೆಗೆದ ಆಹಾರವನ್ನು ಕೋಳಿಮರಿಗಳಿಗೆ ತಿನ್ನಿಸುತ್ತಿದ್ದಾಗ, ಅವುಗಳ ಚರ್ಮದಡಿಯಲ್ಲಿ ನೆತ್ತರು ಸೋರುವುದನ್ನು ಕಂಡನು. ಕೊರತೆಯಾಗಿದ್ದ ವಸ್ತುವಿಗೆ 1935ರಲ್ಲಿ 'ಕೆ' ಎಂಬ ಹೆಸರನ್ನಿತ್ತನು. 1943ರ ನೊಬೆಲ್ ಬಹುಮಾನವು ಈತನಿಗೂ ಅಮೆರಿಕದ ಡಾಯ್ಸಿಗೂ ಸಂದಿತು.

ಈ ಸತ್ವವು ಹಸುರೆಲೆಗಳಲ್ಲಿ ಹೇರಳ. ರಾಗಿ, ಮುಸುಕಿನ ಜೋಳಗಳಲ್ಲಿ ಅತ್ಯಲ್ಪ. ಕೂಡಿಹಾಕಿದ ಕೋಳಿಗಳಿಗೆ ನುಗ್ಗೆ, ದಂಟು ಮುಂತಾದ ಸೊಪ್ಪನ್ನು ಹೆಚ್ಚಿ ನಿತ್ಯವೂ ಕೊಡತಕ್ಕದ್ದು. ರೇಷ್ಮೆ ಬೆಳೆಯುವವರು ಮಿಕ್ಕ ಹಿಪ್ಪುನೇರಳೆ ಎಲೆಯನ್ನೂ ಹಾಕಬಹುದು. ಔಷಧ ಸಿಂಪಡಿಸಿದ ಎಲೆಯನ್ನು ಮಾತ್ರ ಹಾಕಬಾರದು. ಅಂಗಡಿಯ ಸಿದ್ಧ ಆಹಾರದಲ್ಲಿ ಈ ಸತ್ವವನ್ನು ಬೆರೆಸುವ ವಾಡಿಕೆಯುಂಟು; ಆದರೆ ಆ ಆಹಾರವು ಬಹುಕಾಲ ಬಿಸಿಲು, ತೇವಗಳಿಗೆ ಸಿಕ್ಕಿದರೆ ಸತ್ವವು ಕುಂದುವುದು.

ಮತ್ತೊಂದು ಅಪಾಯವು ಇಲಿಪಾಷಾಣದಿಂದ ಬರುವುದು. ಬ್ರೋಮಡಿಯೋಲೋನ್ ಮುಂತಾದ ವಿಷಗಳು 'ಕೆ' ಜೀವಸತ್ವದ ಕಾರ್ಯವನ್ನೇ ತಡೆದು, ದೇಹದೊಳಗೆ ನೆತ್ತರು ಸೋರುವಂತೆ ಮಾಡಿ ಇಲಿಗಳನ್ನು ಕೊಲ್ಲುತ್ತವೆ. ಆ ಇಲಿಗಳನ್ನು ತಿಂದ ಗೂಬೆಗಳಿಗೂ ಇದೇ ಗತಿಯೊದಗಬಹುದು. ಗೂಬೆಯು ಇಲಿಗಳನ್ನು ಹಿಡಿದು ಬೆಳೆಯನ್ನು ಕಾಯುವ ಹಕ್ಕಿ. ಅದನ್ನು ಕಳೆದುಕೊಂಡರೆ ನಷ್ಟವು ರೈತನದೇ. ಆದ್ದರಿಂದ ವಿಷದುಂಡೆಗಳನ್ನು ಕೋಳಿಗಳಿಗೆ ಎಟುಕದಂತೆ ಇರಿಸಿ, ಸತ್ತ ಇಲಿಗಳನ್ನು ಆಳವಾಗಿ ಹೂಳತಕ್ಕದ್ದು.

ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ಬಹುಮಟ್ಟಿಗೆ ರಕ್ತಭೇದಿಯ ಲಕ್ಷಣ. ಚರ್ಮದಡಿಯಲ್ಲಿ ನೀಲಿ ಕಲೆಗಳೆದ್ದು ಸಣ್ಣ ಗಾಯದ ನೆತ್ತರೂ ನಿಲ್ಲದಿದ್ದರೆ 'ಕೆ' ಸತ್ವದ ಕೊರತೆಯನ್ನಾಗಲಿ ಇಲಿಪಾಷಾಣವನ್ನಾಗಲಿ ಸಂಶಯಿಸಬೇಕು. ರಕ್ತಭೇದಿಗೆ ಕೊಡುವ ಕೆಲವು ಸಲ್ಫಾ ಔಷಧಗಳೇ ಈ ಕೊರತೆಯನ್ನು ಹೆಚ್ಚಿಸುವುದರಿಂದ, ಎರಡು ಸಂದರ್ಭಗಳಲ್ಲಿಯೂ ಪಶುವೈದ್ಯರನ್ನು ಕೇಳಿಯೇ ಚಿಕಿತ್ಸೆ ಮಾಡಿಸುವುದು ಕ್ಷೇಮ.